ಹನ್ನೊಂದನೆಯ ಕಲ್ಲು

ಸುತ್ತೂರು
9 ಮಾರ್ಚ್ 2025

ಸುಚೇತಾ ಮೇಡಂ ಅವರಿಗೆ ಚೈತ್ರಳ ನಮಸ್ಕಾರಗಳು.

ನನ್ನ ಗುರುತು ನಿಮಗಿದೆಯೋ ಇಲ್ಲವೋ. ಜನವರಿಯಲ್ಲಿ ನೀವು ಹತ್ತು ಜನ ನಂಜನಗೂಡಿನಿಂದ ತಿರುಮಕೂಡಲಿನ ಸಂಗಮಕ್ಕೆಂದು ಕಪಿಲೆಯಲ್ಲಿ ದೋಣಿ ಹಾಕಿಕೊಂಡು, ದಡದಲ್ಲಿ ಟೆಂಟು ಹೊಡೆದುಕೊಂಡು ಹೊರಟಿದ್ದಿರಲ್ಲ, ಆಗ ಸಾಮಾನಿನ ಹರಿಗೋಲು ಹಾಕಿ ನಿಮಗೆ ದಾರಿ ತೋರಿಸಿದ ರಾಚಯ್ಯನವರ ಮಗಳು ನಾನು. ಇಲ್ಲೇ ಅಂಗನವಾಡಿಯಲ್ಲಿ ಟೀಚರು. ನಿಮ್ಮ ಗುಂಪಿನವರಲ್ಲಿ ಆಸ್ಪತ್ರೆಗೆ ಎರಡು ಸಲ ಬಂದು ಅಪ್ಪನನ್ನು ನೋಡಿದವರು ನೀವೊಬ್ಬರೇ. ಆ ಸಲಿಗೆಯ ಮೇಲೆ ಬರೆಯುತ್ತಿದ್ದೇನೆ.

ಅಪ್ಪನ ಬಲಗಾಲಿನ ಮೂರು ಬೆರಳು ತೆಗೆದರು. ಸಕ್ಕರೆ ಕಾಯಿಲೆ ಇರುವ ಮೈ, ಬಂಡೆಯ ಸಂದಿನಲ್ಲಿ ಸಿಕ್ಕಿ ಆದ ಗಾಯ ಮಾಯಲಿಲ್ಲ. ಬೆರಳು ಹೋದದ್ದಕ್ಕೆ ಅಪ್ಪ ಅಷ್ಟು ಕೊರಗುತ್ತಿಲ್ಲ. "ಒಲ ಉಳಕೆ ಎತ್ತವೆ, ನಂಗ್ಯಾಕ್ ಬೆರಳು" ಅಂತ ನಗುತ್ತಾರೆ. ಅವರನ್ನು ತಿನ್ನುತ್ತಿರುವುದು ಬೇರೆ.

ನಮ್ಮದು ಅಂಬಿಗರ ಮನೆಯಲ್ಲ. ಆಚೆ ದಡದಲ್ಲಿ ಗದ್ದೆ ಇದ್ದದ್ದರಿಂದ ತಾತ ಹರಿಗೋಲು ಇಟ್ಟುಕೊಂಡರು, ಆಮೇಲೆ ಊರವರನ್ನೂ ದಾಟಿಸಿದರು. ನೀರಿನ ಮೇಲೆ ತಲೆ ಎಣಿಸಬಾರದು ಅಂತ ತಾತನ ಕಟ್ಟಳೆ. ಎಣಿಸಿದರೆ ಹೊಳೆಯೂ ಎಣಿಸಿಕೊಳ್ಳುತ್ತದಂತೆ. ಅದಕ್ಕೇ ಹತ್ತುವವರೆಲ್ಲ ಅಪ್ಪನ ಬಟ್ಟೆಯ ಚೀಲಕ್ಕೆ ಒಂದೊಂದು ಕಲ್ಲು ಹಾಕಬೇಕು, ದಡ ಮುಟ್ಟಿದ ಮೇಲೆ ಒಂದೊಂದು ತೆಗೆದು ನೆಲಕ್ಕಿಡಬೇಕು. ಚೀಲ ಬರಿದಾದರೆ ಎಲ್ಲರೂ ಬಂದಂತೆ, ಒಂದು ಕಲ್ಲು ಉಳಿದರೆ ಒಂದು ಜೀವ ನೀರಿನಲ್ಲಿದ್ದಂತೆ. ಅಂಬಿಗನಿಗೆ ಮಾತ್ರ ಕಲ್ಲಿಲ್ಲ. ಇದೆಲ್ಲ ನಿಮಗೆ ಗೊತ್ತು, ನೀವೂ ಹಾಕಿದ್ದೀರಿ.

ಎರಡನೆಯ ದಿನ ಬೆಳಿಗ್ಗೆ ಸುತ್ತೂರಿನ ದಡದಲ್ಲಿ ಚೀಲಕ್ಕೆ ಹನ್ನೊಂದು ಕಲ್ಲು ಬಿದ್ದ ಸದ್ದು ಕೇಳಿದೆ ಅಂತ ಅಪ್ಪ ಹೇಳುತ್ತಾರೆ. ಇನ್ನೊಬ್ಬರು ಯಾರೋ ಇಲ್ಲಿ ಸೇರಿಕೊಂಡಿರಬೇಕು ಅಂದುಕೊಂಡರಂತೆ. ಮಧ್ಯಾಹ್ನ ಸೆಳವಿನಲ್ಲಿ ಒಂದು ದೋಣಿ ಮಗುಚಿತು. ಸಂಜೆ ನಡುಗಡ್ಡೆಯಲ್ಲಿ ಎಲ್ಲರೂ ಇಳಿದ ಮೇಲೆ ಚೀಲದಲ್ಲಿ ಒಂದು ಕಲ್ಲು ಉಳಿದಿತ್ತು. ಅಪ್ಪ ಯಾರನ್ನೂ ಕೇಳದೆ ಹಿಂದಕ್ಕೆ ಹೋದರು. ಆ ಚಳಿಯ ನೀರಿನಲ್ಲಿ ಎರಡು ಗಂಟೆ ಹುಡುಕಿದರು.

ಹನ್ನೊಂದನೆಯವರು ಯಾರೂ ಇರಲಿಲ್ಲ, ದಡದಲ್ಲಿ ಬಿದ್ದಿದ್ದ ಕಲ್ಲೊಂದು ಚೀಲಕ್ಕೆ ಸೇರಿಕೊಂಡಿರಬೇಕು ಅಂತ ಎಷ್ಟು ಹೇಳಿದರೂ ಕೇಳುತ್ತಿಲ್ಲ. "ಯಾರೋ ಒಬ್ರು ಒಳೆಲೇ ಉಳ್ಕಂಡವ್ರೆ ಕಣವ್ವ, ನಾನು ಬುಟ್ಬುಟ್ಟು ಬಂದೆ" ಅಂತ ನಿದ್ದೆಯಲ್ಲೂ ಕನವರಿಸುತ್ತಾರೆ. ದಿನವೂ ಪೇಪರು ತರಿಸಿ, ಹೊಳೆಯಲ್ಲಿ ಹೆಣ ಸಿಕ್ಕ ಸುದ್ದಿ ಇದೆಯಾ ಅಂತ ನನ್ನಿಂದ ಓದಿಸುತ್ತಾರೆ.

ಫೋನಿನಲ್ಲಿ ಆಡಿದ ಮಾತನ್ನು ಅಪ್ಪ ನಂಬುವುದಿಲ್ಲ, ಕಾಗದದಲ್ಲಿ ಬರೆದು ಸಹಿ ಹಾಕಿದ್ದನ್ನು ನಂಬುತ್ತಾರೆ. ನೀವು ಹೈಸ್ಕೂಲಿನ ಗಣಿತದ ಮೇಡಂ. ಬಂದವರು ಹತ್ತೇ ಜನ ಅಂತ ಹೆಸರು ಸಮೇತ ಬರೆದು ಸಹಿ ಹಾಕಿ ಕಳಿಸಿಕೊಡಿ. ಓದಿ ಹೇಳುತ್ತೇನೆ. ಇಷ್ಟು ಉಪಕಾರ ಮಾಡಿ.

ಇಂತಿ,
ಚೈತ್ರ

*

ನಂಜನಗೂಡು
14 ಮಾರ್ಚ್ 2025

ಚೈತ್ರಾ,

ನಿನ್ನ ಕಾಗದ ತಲುಪಿತು. ನೀನು ಕೇಳಿದಂತೆ ಬೇರೆ ಹಾಳೆಯಲ್ಲಿ ಹತ್ತೂ ಜನರ ಹೆಸರು, ಊರು, ಯಾರು ಯಾವ ದೋಣಿಯಲ್ಲಿದ್ದರು ಎಂಬುದನ್ನೆಲ್ಲ ಬರೆದು ಸಹಿ ಮಾಡಿದ್ದೇನೆ. ನಮ್ಮ ಗುಂಪನ್ನು ನಡೆಸುವ ಸುಪ್ರೀತ್ ಕೂಡ ಸಹಿ ಹಾಕಿದ್ದಾರೆ. ಹತ್ತು ಜನರೂ ಕ್ಷೇಮವಾಗಿದ್ದೇವೆ. ಹೊಳೆಯಲ್ಲಿ ಯಾರೂ ಉಳಿದಿಲ್ಲ ಎಂದು ನಿಮ್ಮ ತಂದೆಯವರಿಗೆ ಹೇಳು.

ಗಾಯ ಒಣಗುವವರೆಗೆ ಕಾಲು ನೆನೆಯದಂತೆ ನೋಡಿಕೊ. ನಾನು ಇನ್ನೊಂದು ಸಲ ಬರಬೇಕೆಂದಿದ್ದೆ, ಪರೀಕ್ಷೆಯ ಕೆಲಸ ಬಂತು.

ಸುಚೇತಾ

*

ಸುತ್ತೂರು
20 ಏಪ್ರಿಲ್ 2025

ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಹಾಳೆಯನ್ನು ಮೂರು ಸಲ ಓದಿಸಿಕೊಂಡರು. ಒಂದೊಂದು ಹೆಸರಿಗೂ ಒಂದೊಂದು ಬೆರಳು ಮಡಚಿದರು. ಹತ್ತಕ್ಕೆ ಮುಗಿಯಿತು. "ಮೇಡಮ್ಮೋರು ಸುಳ್ಳೇಳಕಿಲ್ಲ" ಅಂದರು. ಆವತ್ತು ರಾತ್ರಿ ಕನವರಿಸಲಿಲ್ಲ. ನಾನೂ ನಮ್ಮವ್ವನೂ ಹರಕೆ ತೀರಿದ ಹಾಗೆ ಮಲಗಿದೆವು.

ಎಣಿಸಿದ್ದೇ ಒಂದು, ಆದದ್ದೇ ಇನ್ನೊಂದು. ಹೊಳೆಯಲ್ಲಿ ಯಾರೂ ಇಲ್ಲ ಅಂದ ಮೇಲೆ ತಪ್ಪು ತನ್ನ ತಲೆಯಲ್ಲೇ ಇದೆ ಅಂತ ಅಪ್ಪನಿಗೆ ಗಟ್ಟಿಯಾಗಿಹೋಯಿತು. ನಲವತ್ತು ವರ್ಷ ಜನರನ್ನು ದಾಟಿಸಿದವರು, ಮದುವೆ ದಿಬ್ಬಣ ದಾಟಿಸಿದವರು, ಒಂದು ದಿನ ಲೆಕ್ಕ ತಪ್ಪಿದ್ದಿಲ್ಲ. ಈಗ ಹರಿಗೋಲನ್ನು ಹೊಂಗೆ ಮರದ ಕೆಳಗೆ ಬೋರಲು ಹಾಕಿದ್ದಾರೆ. ನಮ್ಮವ್ವನ ಕೋಳಿಗಳು ಅದರಡಿ ಮೊಟ್ಟೆ ಇಡುತ್ತಿವೆ.

ಊರಿನವರ ಬಾಯಿಗೆ ಬೀಗ ಹಾಕುವುದು ಹೇಗೆ? ಚನ್ನಯ್ಯನ ಟೀ ಅಂಗಡಿಯಲ್ಲಿ ಕೂತವರು "ಅನ್ನೊಂದನೆಯವ್ನು ಸಿಕ್ಕುದ್ನಾ ರಾಚಣ್ಣ?" ಅಂತ ಕೇಳುತ್ತಾರೆ. ಅಪ್ಪ ಆ ಕಡೆ ಹೋಗುವುದನ್ನೇ ಬಿಟ್ಟರು.

ನಿಮ್ಮದೇನೂ ತಪ್ಪಿಲ್ಲ. ಕೇಳಿದವಳು ನಾನು, ನಿಜ ಬರೆದವರು ನೀವು.

ಚೈತ್ರ

*

ನಂಜನಗೂಡು
2 ಜೂನ್ 2025

ಪ್ರೀತಿಯ ಚೈತ್ರಾ,

ಉತ್ತರ ತಡವಾಯಿತು. ಎರಡು ಸಲ ಬರೆದು ಹರಿದೆ. ಈಗ ಶಾಲೆ ಶುರುವಾಗಿದೆ.

ಮೊದಲೇ ಹೇಳಬೇಕಿದ್ದ ಒಂದು ವಿಷಯ. ಈ ಹೊಳೆಯ ಪ್ರಯಾಣ ನನ್ನ ಯೋಚನೆಯಲ್ಲ, ನನ್ನ ಅಕ್ಕ ಚಂಪಕಳದು. ನಮ್ಮ ತಾಯಿಯ ತವರು ಸಂಗಮದ ಹತ್ತಿರದ ಸೋಸಲೆ. ಚಿಕ್ಕವರಿದ್ದಾಗ ಬೇಸಿಗೆ ರಜಕ್ಕೆ ಬಸ್ಸಿನಲ್ಲಿ ಹೋಗುವಾಗೆಲ್ಲ ಅವಳು ಕಿಟಕಿಗೆ ಮೂಗು ಒತ್ತಿಕೊಂಡು, "ನಮ್ಮೂರ ನೀರು ನಮಗಿಂತ ಮೊದಲೇ ಅಜ್ಜಿ ಮನೆ ಸೇರಿರುತ್ತದೆ ಕಣೇ" ಅನ್ನುತ್ತಿದ್ದಳು. ಒಂದು ಸಲ ಆ ನೀರಿನ ದಾರಿಯಲ್ಲೇ ಹೋಗಬೇಕೆಂಬ ಹುಚ್ಚು ಅವಳಿಗೆ ಐವತ್ತೆರಡಾದರೂ ಬಿಡಲಿಲ್ಲ. ಮೂರು ವರ್ಷ ನಕ್ಷೆ ಹಿಡಿದು ಕೂತಳು. ನಾವಿಬ್ಬರೂ ಮದುವೆಯಾಗದೆ ಒಟ್ಟಿಗೇ ಇದ್ದವರು. ಒಬ್ಬರ ಹುಚ್ಚು ಇನ್ನೊಬ್ಬರ ಊಟದ ತಟ್ಟೆಯ ಮೇಲೂ ಹರಡಿಕೊಂಡಿರುತ್ತಿತ್ತು.

ಕಳೆದ ವರ್ಷ ಜುಲೈನಲ್ಲಿ ತೀರಿಕೊಂಡಳು. ಕಾಯಿಲೆ ತಿಳಿದ ಮೇಲೆ ನಾಲ್ಕೇ ತಿಂಗಳು.

ನಿಮ್ಮ ತಂದೆ ಈಗ ಹೇಗಿದ್ದಾರೆ? ಊಟ ಸರಿಯಾಗಿ ಮಾಡುತ್ತಾರೆಯೇ? ಆ ಉಳಿದ ಕಲ್ಲು ಎಲ್ಲಿದೆ, ಅವರು ಎಸೆದುಬಿಟ್ಟರೇ? ಸುಮ್ಮನೆ ಕೇಳಿದೆ.

ಸುಚೇತಾ

*

ಸುತ್ತೂರು
7 ಸೆಪ್ಟೆಂಬರ್ 2025

ಮೇಡಂ,

ನಿಮ್ಮ ಅಕ್ಕನವರ ವಿಷಯ ಓದಿ ಬೇಜಾರಾಯಿತು. ಅವರನ್ನು ನಾನು ನೋಡಿದ್ದೇನೆ! ಹೋದ ವರ್ಷ ಫೆಬ್ರವರಿಯಲ್ಲಿ ಸ್ಕೂಟರಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಕೆಂಪು ಹೆಲ್ಮೆಟ್ಟು ತೆಗೆಯದೆ ಜಗಲಿಯಲ್ಲಿ ಕೂತು ನಮ್ಮವ್ವ ಕೊಟ್ಟ ಮಜ್ಜಿಗೆ ಕುಡಿದರು. "ಹನ್ನೊಂದು ಜನ ಬರ್ತೀವಿ ರಾಚಯ್ಯನವರೇ, ಜನವರಿಗೆ" ಅಂದರು. ಕಲ್ಲಿನ ಕಟ್ಟಳೆ ಕೇಳಿ ತುಂಬ ಖುಷಿಪಟ್ಟರು. ಚಂಪಕ ಅಂತ ಹೆಸರು ಹೇಳಿದ್ದರು, ನಿಮ್ಮ ಅಕ್ಕ ಅಂತ ಗೊತ್ತಿರಲಿಲ್ಲ.

ಕಲ್ಲು ಎಲ್ಲಿದೆ ಅಂತ ಕೇಳಿದ್ದಿರಿ. ಗೋಡೆಯ ಗೂಡಿನಲ್ಲಿದೆ, ಯಾರಿಗೂ ಮುಟ್ಟಗೊಡುವುದಿಲ್ಲ.

ಅಪ್ಪನ ಸ್ಥಿತಿ ಚೆನ್ನಾಗಿಲ್ಲ. ಏನನ್ನೂ ನಂಬುವುದಿಲ್ಲ, ತಮ್ಮನ್ನು ತಾವೇ ನಂಬುವುದಿಲ್ಲ. ಊಟ ಮಾಡಿ ಎದ್ದು, "ಉಂಡ್ನಾ ಗುರುಬಸೂ?" ಅಂತ ನಮ್ಮವ್ವನನ್ನು ಕೇಳುತ್ತಾರೆ. ಮರೆತಲ್ಲ ಮೇಡಂ, ಹೆದರಿಕೆಗೆ. ಮೊನ್ನೆ ಅಂಗನವಾಡಿಯ ಮಕ್ಕಳನ್ನು ಒಂದು ಗಳಿಗೆ ನೋಡಿಕೊಳ್ಳಿ ಅಂತ ಜಗಲಿಯಲ್ಲಿ ಕೂರಿಸಿ ಹೋದೆ. ಬಂದು ನೋಡಿದರೆ ಎಲ್ಲ ಮಕ್ಕಳನ್ನೂ ಒಂದೇ ಸೀರೆಯಲ್ಲಿ ಸುತ್ತಿ ಹಿಡಿದುಕೊಂಡು ಬೆವರುತ್ತಿದ್ದರು. "ನನ್ ಕೈಗೆ ಜೀವ ಕೊಡಬ್ಯಾಡ ಕಣವ್ವ, ನಂಗೆ ಲೆಕ್ಕ ಬರಕಿಲ್ಲ" ಅಂತ ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೈಸೂರಿನ ಡಾಕ್ಟರು ಮರೆವಿನ ಕಾಯಿಲೆ ಇರಬಹುದು, ಇನ್ನೆರಡು ತಿಂಗಳು ನೋಡಿ ಅದಕ್ಕೇ ಮಾತ್ರೆ ಶುರು ಮಾಡೋಣ ಅಂದಿದ್ದಾರೆ. ಕಾಯಿಲೆ ಯಾವಾಗಿನಿಂದ ಅಂತ ಕೇಳಿದರು. ಹೊಳೆಗೆ ಇಳಿದು ಹುಡುಕಿದ ದಿನದಿಂದ, ಜನವರಿ ಹದಿನೆಂಟರಿಂದ ಅಂತ ಬರೆಸಿದೆ.

ಚೈತ್ರ

*

ನಂಜನಗೂಡು
19 ಅಕ್ಟೋಬರ್ 2025

ಚೈತ್ರಾ,

ಮಾತ್ರೆ ಶುರು ಮಾಡಬೇಡ. ನಿಮ್ಮ ತಂದೆಗೆ ಮರೆವಿಲ್ಲ. ಹನ್ನೊಂದು ಕಲ್ಲು ಬಿದ್ದದ್ದು ನಿಜ. ಹನ್ನೊಂದನೆಯದನ್ನು ಹಾಕಿದವಳು ನಾನು.

ನಿನ್ನ ಕಾಗದ ಬಂದು ಒಂದು ತಿಂಗಳ ಮೇಲಾಯಿತು. ಈ ಎರಡು ಸಾಲು ಬರೆಯಲು ಅಷ್ಟು ದಿನ ಬೇಕಾಯಿತು. ಇನ್ನು ಉಳಿದದ್ದನ್ನೂ ಬರೆದುಬಿಡುತ್ತೇನೆ.

ನಿಮ್ಮ ಜಗಲಿಯಿಂದ ಹೊರಟ ದಿನ ಚಂಪಕ ಸುತ್ತೂರಿನ ದಡದಲ್ಲಿ ಒಂದು ಕಲ್ಲು ಆರಿಸಿ ತಂದಳು. ಕಪ್ಪು ಕಲ್ಲು, ನಡುವೆ ಬಿಳಿ ಗೆರೆ. "ಇದು ನನ್ನ ಟಿಕೆಟ್ಟು, ಜನವರಿಗೆ" ಎಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಆಸ್ಪತ್ರೆಗೂ ಒಯ್ದಿದ್ದಳು. ಅವಳು ಹೋದ ಮೇಲೆ ಅದನ್ನು ಏನು ಮಾಡಬೇಕೆಂದು ತಿಳಿಯದೆ ನಾನು ಪ್ರಯಾಣಕ್ಕೆ ಜೊತೆಯಲ್ಲಿ ತಂದೆ. ಮೊದಲ ದಿನ ಹಾಕಲು ಧೈರ್ಯವಾಗಲಿಲ್ಲ. ಎರಡನೆಯ ಬೆಳಿಗ್ಗೆ, ಅವಳು ಅದನ್ನು ಆರಿಸಿದ ದಡದಲ್ಲೇ ನಿಂತಿದ್ದೆ. ನಿಮ್ಮ ತಂದೆ ಚೀಲ ಹಿಡಿದರು. ನನ್ನದು ಒಂದು ಹಾಕಿದೆ. ಅವಳದೂ ಹಾಕಿದೆ.

ಸಂಜೆ ಎರಡನ್ನೂ ತೆಗೆಯಬೇಕೆಂದೇ ಇದ್ದೆ. ಚೀಲದೊಳಗೆ ಕೈ ಹಾಕಿದಾಗ ಅದು ಬೆರಳಿಗೆ ಸಿಕ್ಕಿತು. ತೆಗೆದು ನೆಲಕ್ಕಿಟ್ಟರೆ ಅವಳು ಇಳಿದುಹೋದಂತೆ. ಇನ್ನೊಂದು ಗಳಿಗೆ ಅವಳು ನೀರಿನ ಮೇಲಿರಲಿ ಅನ್ನಿಸಿತು. ನನ್ನದನ್ನು ಮಾತ್ರ ತೆಗೆದೆ.

ನಿಮ್ಮ ತಂದೆ ಕೊನೆಗೆ ಚೀಲ ಕೊಡವಿದಾಗ ನಾನು ಹತ್ತು ಮಾರು ದೂರದಲ್ಲಿ ಟವೆಲು ಹಿಂಡುತ್ತಿದ್ದೆ. ಅಂಗೈ ಮೇಲೆ ಬಿದ್ದ ಕಲ್ಲನ್ನು ಅವರು ನೋಡಿದ್ದನ್ನು ನೋಡಿದೆ. ಅವರ ಮುಖ ಹೊಳೆಯ ಕಡೆ ತಿರುಗಿತು. ಆಗಲೇ ಕೂಗಿ ಹೇಳಬಹುದಿತ್ತು. ಸುಪ್ರೀತ್ ಪಕ್ಕದಲ್ಲಿದ್ದ, ಉಳಿದವರಿದ್ದರು. ದಾರಿಯುದ್ದಕ್ಕೂ ಇದೇ ಕಟ್ಟಳೆಯನ್ನು ಮೂಢನಂಬಿಕೆ ಎಂದು ನಕ್ಕವಳು ನಾನೇ. ಗಣಿತದ ಮೇಡಂ ಸತ್ತ ಅಕ್ಕನ ಹೆಸರಿನಲ್ಲಿ ಕಲ್ಲು ಹಾಕಿದಳು ಅನ್ನುತ್ತಾರೆ ಎಂದು ಬಾಯಿ ಬರಲಿಲ್ಲ. ಎರಡು ನಿಮಿಷ ನೋಡಿಕೊಂಡು ಬರುತ್ತಾರೆ ಅಂದುಕೊಂಡೆ. ಅವರು ಆಗಲೇ ಹರಿಗೋಲು ತಿರುಗಿಸಿದ್ದರು. ಕತ್ತಲಾಯಿತು. ಸುಪ್ರೀತ್ "ಮುದುಕನಿಗೆ ಲೆಕ್ಕ ತಪ್ಪಿದೆ, ಬರ್ತಾನೆ ಬಿಡಿ" ಅಂದ. ನಾನು ಅದಕ್ಕೂ ಸುಮ್ಮನಿದ್ದೆ. ಸದ್ದು ಬರುತ್ತಿಲ್ಲ ಎಂದು ಟಾರ್ಚು ಹಿಡಿದು ಹೋದಾಗ ಏಳೂವರೆ. ಎದೆಮಟ್ಟದ ನೀರಿನಲ್ಲಿ, ಬಂಡೆಯ ಸಂದಿಗೆ ಕಾಲು ಸಿಕ್ಕಿಸಿಕೊಂಡು ನಿಂತಿದ್ದರು. ನಮ್ಮನ್ನು ಕಂಡೊಡನೆ ಕೇಳಿದ್ದು "ಸಿಕ್ಕುದ್ರಾ?" ಎಂದು.

ಇಷ್ಟಾದ ಮೇಲೂ ಮಾರ್ಚಿನಲ್ಲಿ ನಿನಗೆ ಹತ್ತು ಹೆಸರು ಬರೆದು ಕಳಿಸಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಇಡೀ ಹಾಳೆಯೇ ಸುಳ್ಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮಜ್ಜಿ ಅನ್ನುತ್ತಿದ್ದಳು. ನನ್ನ ಒಲೆ ಈಗ ಉರಿಯುತ್ತಿದೆ. ಕ್ಷಮಿಸು ಎಂದು ಬರೆಯಲು ಕೈ ಬರುತ್ತಿಲ್ಲ. ಇದನ್ನು ಅವರಿಗೆ ಓದಿ ಹೇಳು.

ಸುಚೇತಾ

*

ಸುತ್ತೂರು
23 ನವೆಂಬರ್ 2025

ಮೇಡಂ,

ಕಾಗದ ಬಂದು ತಿಂಗಳಾಯಿತು. ಅಪ್ಪನಿಗೆ ಓದಿಲ್ಲ. ಓದಲು ಕೂತಾಗೆಲ್ಲ ಸಿಟ್ಟು ಬಂದು ಮಡಚಿ ಎತ್ತಿಡುತ್ತೇನೆ.

ನಿಮ್ಮ ಅಕ್ಕ ಸತ್ತದ್ದಕ್ಕೆ ನನಗೆ ದುಃಖವಿದೆ. ಸತ್ತವರಿಗೆ ಕಲ್ಲು ಹಾಕಿದಿರಿ. ಬದುಕಿದ್ದವರು ನೀರಿಗಿಳಿದಾಗ ಟವೆಲು ಹಿಂಡುತ್ತಾ ನಿಂತಿರಿ. ಅಂಬಿಗನಿಗೆ ಕಲ್ಲಿಲ್ಲ ನೋಡಿ, ಅದಕ್ಕೇ ಅಪ್ಪ ವಾಪಸು ಬರಲಿಲ್ಲ ಅನ್ನುವುದು ನಿಮ್ಮ ಯಾರ ಲೆಕ್ಕಕ್ಕೂ ಸಿಗಲಿಲ್ಲ.

ಆಸ್ಪತ್ರೆಗೆ ಎರಡು ಸಲ ಬಂದಿರಿ, ಕಿತ್ತಳೆ ಹಣ್ಣು ತಂದಿರಿ. ಒಂದು ಮಾತು ತರಲಿಲ್ಲ. ಹತ್ತು ತಿಂಗಳು ನಮ್ಮಪ್ಪ ಹುಚ್ಚನಾದೆ ಅಂತ ತಿಳಿದು ಬದುಕಿದರು. ನಾನೂ ನಂಬಿದೆನಲ್ಲ ಮೇಡಂ. ಹೆತ್ತ ಅಪ್ಪನ ಮಾತು ಬಿಟ್ಟು ನಿಮ್ಮ ಸಹಿ ನಂಬಿದೆ. ಅದನ್ನು ನಾನು ಯಾರಿಗೆ ಹೇಳಲಿ?

ಚೈತ್ರ

*

ಸುತ್ತೂರು
21 ಡಿಸೆಂಬರ್ 2025

ಮೇಡಂ,

ಮೊನ್ನೆ ಓದಿದೆ. ನಮ್ಮವ್ವ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು, ಅಪ್ಪ ಗೋಡೆಗೆ ಒರಗಿದ್ದರು. ಮೊದಲ ಎರಡು ಸಾಲಿಗೇ ಅಪ್ಪ ಕೈ ಎತ್ತಿ ನಿಲ್ಲಿಸಿದರು. "ಇನ್ನೊಂದ್ ಸಲ ಓದವ್ವ." ಓದಿದೆ. "ಇನ್ನೊಂದ್ ಸಲ." ಹಾಗೆ ಐದು ಸಲ.

ಕೊನೆಯವರೆಗೂ ಓದಿ ತಲೆ ಎತ್ತಿ ನೋಡಿದರೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ನಗುತ್ತಿತ್ತು. "ಅಂಗಾರೆ ನಾನ್ ಕೇಳುದ್ದು ಅನ್ನೊಂದೇಯಾ. ಗುರುಬಸೂ, ಕೇಳುಸ್ಕಂಡ್ಯಾ? ಅನ್ನೊಂದೇಯಾ!"

ನಮ್ಮವ್ವ ಅವರೆಕಾಯಿ ಮೊರ ಪಕ್ಕಕ್ಕಿಟ್ಟು ನಿಮಗೆ ಬಾಯಿಗೆ ಬಂದಂತೆ ಬೈದಳು. ಬರೆಯುವಂಥ ಮಾತಲ್ಲ. ಅಪ್ಪ "ಸುಮ್ಕಿರೇ" ಅಂದರು. ಎದ್ದು ಕುಂಟುತ್ತಾ ಹೋಗಿ ಗೂಡಿನಿಂದ ಕಲ್ಲು ತಂದರು. ಕಪ್ಪು ಕಲ್ಲು, ಬಿಳಿ ಗೆರೆ. ಇಷ್ಟು ದಿನ ಕಣ್ಣೆದುರಿಗಿದ್ದರೂ ನಾನು ಸರಿಯಾಗಿ ನೋಡಿರಲಿಲ್ಲ.

"ಮಜ್ಜಿಗೆ ಕುಡುದ್ಲಲ್ಲ, ಕೆಂಪು ಟೋಪಿ ಅವ್ವ, ಅವಳ್ದಾ ಇದು?" ಅಂದರು. ಹೌದು ಅಂದೆ. ಅಂಗೈಯಲ್ಲಿಟ್ಟುಕೊಂಡು ಬಿಳಿ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ಅಂದ ಮಾತನ್ನು ಅವರು ಆಡಿದಂತೆಯೇ ಬರೆಯುತ್ತೇನೆ. "ಕಲ್ಲು ನೆಲಕ್ಕಿಡೋ ಗಂಟ ಆವಮ್ಮ ನೀರ್ ಮ್ಯಾಲೇ ಅವ್ಳೆ. ನನ್ನ ಚೀಲಕ್ಕೆ ಬಿದ್ದೋಳು ನನ್ನ ಪಾಲು. ಸಂಗಮ ಮುಟ್ಟುಸ್ಬೇಕು. ಮೇಡಮ್ಮೋರ್ಗೆ ಬರ್ದಾಕು, ಬರೋಕೇಳು."

ಕ್ಷಮಿಸಿದೆ ಅಂತ ಅಪ್ಪ ಹೇಳಲಿಲ್ಲ. ಕ್ಷಮಿಸುವಂಥದ್ದೇನೋ ಇದೆ ಅಂತ ಅವರಿಗೆ ಅನ್ನಿಸಿದ ಹಾಗೇ ಇಲ್ಲ. ನನಗೆ ಹಾಗಲ್ಲ. ನನಗೆ ಇನ್ನೂ ಆಗಿಲ್ಲ, ಯಾವತ್ತಾಗುತ್ತದೋ ಗೊತ್ತಿಲ್ಲ.

ನೀವು ಬರುವುದಾದರೆ ನನ್ನದೊಂದು ಮಾತು. ದಡಕ್ಕೆ ಹೋಗುವ ಮುಂಚೆ ಚನ್ನಯ್ಯನ ಟೀ ಅಂಗಡಿಗೆ ಬರಬೇಕು. ಬೆಳಿಗ್ಗೆ ಎಂಟಕ್ಕೆ ಅಲ್ಲಿ ಇಪ್ಪತ್ತು ಜನ ಇರುತ್ತಾರೆ. ಅವರೆದುರಿಗೆ ನೀವು ನಿಮ್ಮ ಬಾಯಿಂದ ಹೇಳಬೇಕು. ನಿಮ್ಮ ಹತ್ತು ಹೆಸರಿನ ಹಾಳೆಯನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ತಿದ್ದಿ ಬರೆದು ತನ್ನಿ.

ನಿನ್ನೆಯಿಂದ ಅಪ್ಪ ಹರಿಗೋಲಿಗೆ ಟಾರು ಬಳಿಯುತ್ತಿದ್ದಾರೆ. ನಮ್ಮವ್ವನ ಕೋಳಿಗಳಿಗೆ ಮನೆ ಹೋಯಿತು.

ಚೈತ್ರ

*

ನಂಜನಗೂಡು
4 ಜನವರಿ 2026

ಚೈತ್ರಾ,

ಬರುತ್ತೇನೆ. ಹದಿನೆಂಟನೆಯ ತಾರೀಕು ಭಾನುವಾರ, ಬೆಳಿಗ್ಗೆ ಎಂಟಕ್ಕೆ, ಚನ್ನಯ್ಯನವರ ಅಂಗಡಿಗೆ. ಮೂವತ್ತು ವರ್ಷ ಮಕ್ಕಳೆದುರು ನಿಂತು ಮಾತಾಡಿದವಳಿಗೆ ಇಪ್ಪತ್ತು ಜನರೆದುರು ನಿಲ್ಲುವುದನ್ನು ನೆನೆದರೆ ಬಾಯಿ ಒಣಗುತ್ತದೆ. ಆದರೂ ಹೇಳುತ್ತೇನೆ, ಹಿಂದಿನ ಬೆಂಚಿನವರಿಗೂ ಕೇಳುವಂತೆ. ಸುಪ್ರೀತ್‌ಗೂ ಗುಂಪಿನ ಉಳಿದವರಿಗೂ ಆಗಲೇ ತಿಳಿಸಿದ್ದೇನೆ. ಇಬ್ಬರು ನನ್ನೊಡನೆ ಮಾತು ಬಿಟ್ಟರು. ಸುಪ್ರೀತ್ ತಾನೂ ಬರುತ್ತೇನೆ ಅಂದ.

ಚಂಪಕಳ ಕಲ್ಲನ್ನು ಸಂಗಮದಲ್ಲಿ, ಸೋಸಲೆಯ ಕಡೆಯ ದಡದಲ್ಲಿ ಇಡುತ್ತೇನೆ. ಈ ಸಲ ಕೈ ತಡೆಯುವುದಿಲ್ಲ.

ಒಂದನ್ನು ನಿಮ್ಮ ತಂದೆಗೆ ಹೇಳಬೇಡ. ಅಂಬಿಗನಿಗೆ ಕಲ್ಲಿಲ್ಲ ಎಂಬುದು ನಿಮ್ಮ ತಾತನ ಕಟ್ಟಳೆ, ಅದನ್ನು ಮುರಿಯಲು ನಾನು ಯಾರು. ಚೀಲಕ್ಕೆ ಹಾಕುವುದಿಲ್ಲ. ಅವರ ಹೆಸರಿನ ಒಂದು ಕಲ್ಲು ನನ್ನ ಮುಷ್ಟಿಯಲ್ಲಿರುತ್ತದೆ. ಅವರು ಹರಿಗೋಲಿನಿಂದ ಇಳಿದು ನೆಲ ಮುಟ್ಟುವವರೆಗೆ ನಾನು ಕೈ ಬಿಚ್ಚುವುದಿಲ್ಲ.

ತಿದ್ದಿದ ಹಾಳೆ ಕೆಳಗಿದೆ. ಅಂಗಡಿಯಲ್ಲಿ ಓದುವುದು ಇದನ್ನೇ. ಅದಕ್ಕೂ ಮೊದಲು ನೀನು ಮನೆಯಲ್ಲಿ ಅವರಿಗೆ ಒಂದು ಸಲ ಓದಿಬಿಡು.

"2025ರ ಜನವರಿ ಹದಿನೆಂಟರಂದು ಸುತ್ತೂರಿನ ದಡದಿಂದ ಹೊರಟವರು, ಹಿಂದೆ ಬರೆದ ಹತ್ತು ಜನ. ಹನ್ನೊಂದನೆಯವಳು ನನ್ನ ಅಕ್ಕ ಚಂಪಕ. ಅವಳ ಕಲ್ಲು ಹಾಕಿದವಳು ನಾನು, ತೆಗೆಯದೆ ಬಿಟ್ಟವಳು ನಾನು, ಹೇಳದೆ ಉಳಿದವಳೂ ನಾನು. ಅವಳನ್ನು ಹುಡುಕಲು ಹೊಳೆಗೆ ಮರಳಿದವರು ಒಬ್ಬರೇ. ರಾಚಯ್ಯನವರ ಲೆಕ್ಕ ಸರಿಯಾಗಿತ್ತು."

ಸುಚೇತಾ
ಗಣಿತದ ಶಿಕ್ಷಕಿ